ಆರು ಸ್ಕ್ರೀನ್, ಮೂರು ಪಿಎಲ್‌ಸಿ: ನಡುವೆ ಒಂದು ಡೇಟಾ ಸರ್ವರ್ ಬೇಕಾ?

ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಒಂದು ಮಧ್ಯಮ ಗಾತ್ರದ ಫೌಂಡ್ರಿ ಇದೆ ಅಂದುಕೊಳ್ಳಿ. ಮರಳು ಹದ ಮಾಡುವ ಪ್ಲಾಂಟ್‌ಗೆ ಒಂದು ಪಿಎಲ್‌ಸಿ (ಮೆಷಿನ್ ನಡೆಸುವ ಪುಟ್ಟ ಕಂಟ್ರೋಲ್ ಕಂಪ್ಯೂಟರ್), ಇಂಡಕ್ಷನ್ ಫರ್ನೇಸ್‌ಗೆ ಒಂದು, ಧೂಳು ಹೀರುವ ಘಟಕಕ್ಕೆ ಇನ್ನೊಂದು. ಮೊದಲು ಪ್ರತಿ ಮೆಷಿನ್ ಪಕ್ಕ ಒಂದೊಂದು ಟಚ್ ಪ್ಯಾನೆಲ್ ಇತ್ತು, ಅಷ್ಟೇ ಸಾಕಾಗಿತ್ತು. ಆಮೇಲೆ ಸೂಪರ್‌ವೈಸರ್ ಕ್ಯಾಬಿನ್‌ಗೂ ಒಂದು ಸ್ಕ್ರೀನ್ ಬೇಕು ಅಂದರು. ಲ್ಯಾಬ್‌ನವರಿಗೆ ಮರಳಿನ ತೇವಾಂಶ ಕೂತಲ್ಲೇ ಕಾಣಬೇಕು. ಮಾಲೀಕರಿಗೆ ಆಫೀಸಿನಲ್ಲಿ ಒಂದು. ಈಗ ಮೂರು ಪಿಎಲ್‌ಸಿಗೆ ಆರು ಸ್ಕ್ರೀನ್. ಪ್ರತಿ ಸ್ಕ್ರೀನೂ ತಾನೇ ಹೋಗಿ ಪಿಎಲ್‌ಸಿಯನ್ನು ಕೇಳಬೇಕಾ, ಇಲ್ಲ ನಡುವೆ ಒಂದು ಡೇಟಾ ಸರ್ವರ್ ಇಟ್ಟು ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕಾ?

ಮಾರಲು ಬಂದವರು ಸಾಮಾನ್ಯವಾಗಿ ಸರ್ವರ್ ಅಂತಲೇ ಹೇಳುತ್ತಾರೆ. ನಾನು ಮೊದಲು ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ಆ ಸರ್ವರ್ ಸತ್ತರೆ ಎಷ್ಟು ಸ್ಕ್ರೀನ್ ಕುರುಡಾಗುತ್ತವೆ? ರಾತ್ರಿ ಎರಡು ಗಂಟೆಗೆ, ಆ ಶೆಡ್‌ನಲ್ಲಿ ಇರುವವರಲ್ಲಿ ಯಾರು ಅದನ್ನು ಮತ್ತೆ ಎಬ್ಬಿಸುತ್ತಾರೆ? ಸಾಫ್ಟ್‌ವೇರ್ ಬಲ್ಲ ಎಂಜಿನಿಯರ್ ಬೆಂಗಳೂರಿನಿಂದ ಬರಬೇಕು ಅಂದರೆ ಹೆಚ್ಚುಕಡಿಮೆ 300 ಕಿಲೋಮೀಟರ್. ಈ ಎರಡು ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಅಲ್ಲೇ ಮುಗಿದಂತೆ.

ಪ್ರತಿ ಸ್ಕ್ರೀನ್ ನೇರವಾಗಿ ಪಿಎಲ್‌ಸಿಗೆ

ನಡುವೆ ಏನೂ ಇಲ್ಲ. ಒಂದು ಪ್ಯಾನೆಲ್ ಕೆಟ್ಟರೆ ಅದೊಂದೇ ಕೆಟ್ಟಿತು. ಎಲೆಕ್ಟ್ರಿಷಿಯನ್‌ಗೂ ಅರ್ಥವಾಗುತ್ತದೆ: ಪಿಎಲ್‌ಸಿ ಸರಿ ಇದೆಯಾ, ಕೇಬಲ್ ಸರಿ ಇದೆಯಾ, ಪ್ಯಾನೆಲ್ ಸರಿ ಇದೆಯಾ, ಅಷ್ಟೇ. ಈಥರ್‌ನೆಟ್ ಇದ್ದು, ಒಂದು ಪಿಎಲ್‌ಸಿಯನ್ನು ಮೂರು ನಾಲ್ಕು ಸ್ಕ್ರೀನ್ ನೋಡುವುದಾದರೆ ನನ್ನ ಓಟು ಇದಕ್ಕೇ. ಸುಮ್ನೆ ಸರ್ವರ್ ಖರ್ಚು ಯಾಕೆ?

ತೊಂದರೆ ಶುರುವಾಗುವುದು ಸ್ಕ್ರೀನ್ ಜಾಸ್ತಿ ಆದಾಗ. ಪ್ರತಿ ಪಿಎಲ್‌ಸಿಯೂ ಒಂದು ಹೊತ್ತಿಗೆ ಇಷ್ಟೇ ಸಂಪರ್ಕ ಅಂತ ಮಿತಿ ಇಟ್ಟುಕೊಂಡಿರುತ್ತದೆ. ಮಾಡೆಲ್‌ನಿಂದ ಮಾಡೆಲ್‌ಗೆ ಅದು ಬೇರೆ. ಮ್ಯಾನ್ಯುಯಲ್‌ನಲ್ಲಿ ಆ ಪುಟವನ್ನು ಹುಡುಕಿ ಓದಿ. ಸಣ್ಣ ಪಿಎಲ್‌ಸಿಗಳಲ್ಲಿ ಎಲ್ಲ ಸಂಪರ್ಕಗಳನ್ನೂ ಸ್ಕ್ರೀನ್‌ಗಳೇ ತುಂಬಿಬಿಟ್ಟರೆ, ಬ್ರೇಕ್‌ಡೌನ್ ದಿನ ಲ್ಯಾಪ್‌ಟಾಪ್ ಹಿಡಿದು ಬಂದವರಿಗೆ ಒಳಗೆ ಹೋಗಲು ಜಾಗವೇ ಸಿಗದಿರಬಹುದು.

ಹಳೆಯ ಸೀರಿಯಲ್ ಲೈನ್ ಇದ್ದರೆ ಕಥೆಯೇ ಬೇರೆ. ಮಲೆನಾಡಿನ ರೈಸ್ ಮಿಲ್, ಪಂಪ್‌ಹೌಸ್‌ಗಳಲ್ಲಿ ಆರ್‌ಎಸ್-485 ಅನ್ನುವ ಸೀರಿಯಲ್ ತಂತಿಯ ಮೇಲಿನ ಮಾಡ್‌ಬಸ್ ಇನ್ನೂ ಬೇಕಾದಷ್ಟಿದೆ. ಮೆಷಿನ್‌ಗಳು ಮಾತಾಡಿಕೊಳ್ಳುವ 1979ರ ಪ್ರೋಟೋಕಾಲ್, ಆದರೂ ಗಟ್ಟಿ. ಅದರಲ್ಲಿ ಒಂದು ಲೈನ್‌ಗೆ ಒಬ್ಬನೇ ಮಾಸ್ಟರ್, ಅಂದರೆ ಪ್ರಶ್ನೆ ಕೇಳುವವನು. ಎರಡು ಪ್ಯಾನೆಲ್ ಒಟ್ಟಿಗೆ ಮಾತಾಡಿದರೆ ಎರಡರ ಮಾತೂ ಕೆಡುತ್ತದೆ. ನಡುವೆ ಗೇಟ್‌ವೇ ಇಟ್ಟು ಈಥರ್‌ನೆಟ್‌ಗೆ ತಂದೆವು ಅನ್ನಿ, ಆಗಲೂ ಲೈನ್‌ನ ವೇಗ ಅಷ್ಟೇ. ಲೆಕ್ಕ ಹಾಕಿ ನೋಡಿ. ಒಂದು ಸಲಕ್ಕೆ ಹೆಚ್ಚೆಂದರೆ 125 ರಿಜಿಸ್ಟರ್ (ಪಿಎಲ್‌ಸಿಯಲ್ಲಿ ನಂಬರ್ ಕೂರುವ ಜಾಗ) ಓದಬಹುದು. ಕೇಳಲು 8 ಬೈಟ್, ಉತ್ತರಕ್ಕೆ 255 ಬೈಟ್, ಒಟ್ಟು 263. ಒಂದು ಬೈಟ್‌ಗೆ 10 ಬಿಟ್ ಹಿಡಿದರೂ 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) 0.27 ಸೆಕೆಂಡ್. ಪಿಎಲ್‌ಸಿ ಉತ್ತರ ಕೊಡಲು ತೆಗೆದುಕೊಳ್ಳುವ ಹೊತ್ತು ಸೇರಿಸಿ 0.3 ಅನ್ನೋಣ. 600 ರಿಜಿಸ್ಟರ್ ಓದಲು ಐದು ಸಲ ಕೇಳಬೇಕು, ಅಲ್ಲಿಗೆ ಒಂದೂವರೆ ಸೆಕೆಂಡ್. ಇದು ಒಂದು ಸ್ಕ್ರೀನ್‌ಗೆ. ಆರು ಸ್ಕ್ರೀನ್ ಬೇರೆಬೇರೆಯಾಗಿ ಅದನ್ನೇ ಕೇಳಿದರೆ ಒಂಬತ್ತು ಸೆಕೆಂಡ್. ಟ್ಯಾಂಕ್ ತುಂಬಿ ಹರಿದ ಮೇಲೆ ಸ್ಕ್ರೀನ್‌ನಲ್ಲಿ 98 ಪರ್ಸೆಂಟ್ ಅಂತ ಬರುತ್ತದೆ.

ಡೇಟಾ ಸರ್ವರ್‌ನ ನಿಜವಾದ ಲಾಭ ಇಲ್ಲೇ. ಅದು ಪಿಎಲ್‌ಸಿಯನ್ನು ಒಂದು ಸಲ ಕೇಳುತ್ತದೆ, ಬಂದ ಉತ್ತರವನ್ನು ಆರು ಜನಕ್ಕೂ ಹಂಚುತ್ತದೆ. ಅದೇ ಲೈನ್, ಅದೇ ಬಾಡ್, ಆದರೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೂವರೆ ಸೆಕೆಂಡಿನ ಡೇಟಾ. ಸೀರಿಯಲ್ ಲೈನ್ ಇರುವ ಕಡೆ ಎರಡನೇ ಸ್ಕ್ರೀನ್ ಬಂದಾಗಲೇ ಹಂಚಿಕೆಯ ವ್ಯವಸ್ಥೆ ಮಾಡಿಕೊಳ್ಳಿ, ಆರರವರೆಗೆ ಕಾಯಬೇಡಿ.

ಇನ್ನೊಂದು ಖರ್ಚು ಯಾರೂ ಕೊಟೇಷನ್‌ನಲ್ಲಿ ಬರೆಯುವುದಿಲ್ಲ. ಪಿಎಲ್‌ಸಿಯಲ್ಲಿ ಒಂದು ಅಡ್ರೆಸ್ ಬದಲಾದರೆ ಆರು ಪ್ಯಾನೆಲ್‌ನ ಪ್ರಾಜೆಕ್ಟ್‌ನಲ್ಲೂ ಬದಲಿಸಬೇಕು. ನಾಲ್ಕರಲ್ಲಿ ಬದಲಿಸಿ ಎರಡು ಮರೆತರೆ, ಆ ಎರಡು ಸ್ಕ್ರೀನ್ ಯಾವುದೋ ಬೇರೆ ನಂಬರನ್ನು ತೋರಿಸುತ್ತಾ ಇರುತ್ತವೆ.

ಒಂದು ಪ್ಯಾನೆಲ್ಲೇ ಉಳಿದವುಗಳಿಗೆ ಸರ್ವರ್

ಈಗಿನ ಎಷ್ಟೋ ಟಚ್ ಪ್ಯಾನೆಲ್‌ಗಳಲ್ಲಿ ಈ ಸೌಲಭ್ಯ ಇದೆ. ಸೀಮೆನ್ಸ್ ಪ್ಯಾನೆಲ್‌ನಲ್ಲಿ ಸ್ಮಾರ್ಟ್‌ಸರ್ವರ್, ವೀನ್‌ಟೆಕ್‌ನ ಸಿಎಂಟಿ ಸರಣಿಯಲ್ಲಿ ವ್ಯೂವರ್, ಹೀಗೆ. ಹೊಸ ಕಂಪ್ಯೂಟರ್ ಬೇಡ, ಅಗ್ಗ. ಆದರೆ ಇಲ್ಲಿ ಎರಡು ಬಗೆ ಇವೆ, ಕೊಳ್ಳುವ ಮುಂಚೆ ಯಾವುದು ಅಂತ ಕೇಳಿ. ಒಂದು ಬಗೆಯಲ್ಲಿ ಡೇಟಾ ಹಂಚಿಕೆಯಾಗುತ್ತದೆ, ಪ್ರತಿಯೊಬ್ಬರೂ ತಮಗೆ ಬೇಕಾದ ಪುಟ ನೋಡಬಹುದು. ಇನ್ನೊಂದು ಬಗೆಯಲ್ಲಿ ಪ್ಯಾನೆಲ್‌ನ ಚಿತ್ರವೇ ಇನ್ನೊಂದು ಕಡೆ ಕಾಣುತ್ತದೆ. ಆಗ ಕ್ಯಾಬಿನ್‌ನಲ್ಲಿ ಕೂತವರು ಅಲಾರ್ಮ್ ಪುಟ ತೆರೆದರೆ ಮೆಷಿನ್ ಮುಂದೆ ನಿಂತವನ ಪುಟವೂ ಹಾರಿಹೋಗುತ್ತದೆ. ಬೈಗುಳ ಖಚಿತ.

ಸರ್ವರ್ ಆದ ಪ್ಯಾನೆಲ್ ಮೆಷಿನ್‌ಗೇ ಅಂಟಿಕೊಂಡಿರುತ್ತದೆ ಅನ್ನುವುದನ್ನೂ ನೋಡಿ. ಮೆಷಿನ್ ಸ್ವಚ್ಛ ಮಾಡಲು ಮೇನ್ ಸ್ವಿಚ್ ಆಫ್ ಮಾಡಿದರೆ ಬೇರೆ ಶೆಡ್‌ನ ಸ್ಕ್ರೀನ್‌ಗಳೂ ಹೋಗುತ್ತವೆ. ಎರಡು ಮೂರು ಸ್ಕ್ರೀನ್, ಬರೀ ನೋಡುವುದಕ್ಕೆ ಅಂದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿಗೆ ನಾನು ಇದನ್ನು ಹೇಳುವುದಿಲ್ಲ.

ಪ್ರತ್ಯೇಕ ಕಂಪ್ಯೂಟರ್‌ನಲ್ಲಿ ಡೇಟಾ ಸರ್ವರ್

ಹೆಚ್ಚಿನ ಜನ ಹಂಚಿಕೆಯ ಸರ್ವರ್ ಅಂದಾಗ ಇದನ್ನೇ ಯೋಚಿಸುತ್ತಾರೆ. ಒಂದು ಕಂಪ್ಯೂಟರ್, ಅದರಲ್ಲಿ ಕೆಪ್‌ಸರ್ವರ್ ಅಥವಾ ಪಿಎಲ್‌ಸಿ ಕಂಪನಿಯದೇ ಸಾಫ್ಟ್‌ವೇರ್. ಬೇರೆಬೇರೆ ಕಂಪನಿಯ ಪಿಎಲ್‌ಸಿಗಳು ಇದ್ದರೂ ಸ್ಕ್ರೀನ್‌ಗಳಿಗೆ ಒಂದೇ ಭಾಷೆಯಲ್ಲಿ ಡೇಟಾ. ಆ ಭಾಷೆಯ ಹೆಸರು ಒಪಿಸಿ.

ಇದರಲ್ಲಿ ಹಳೆಯದು, ಹೊಸದು ಎರಡಿವೆ. ಹಳೆಯ ಒಪಿಸಿ ಕ್ಲಾಸಿಕ್ 1996ರದ್ದು, ಮೈಕ್ರೋಸಾಫ್ಟ್‌ನ ಡಿಕಾಂ (ಬೇರೆಬೇರೆ ಕಂಪ್ಯೂಟರ್‌ನ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ವ್ಯವಸ್ಥೆ) ಮೇಲೆ ನಿಂತಿದೆ. ಸರ್ವರ್ ಮತ್ತು ಸ್ಕ್ರೀನ್ ಒಂದೇ ಕಂಪ್ಯೂಟರ್‌ನಲ್ಲಿದ್ದರೆ ಸೊಗಸಾಗಿ ಓಡುತ್ತದೆ. ನೆಟ್‌ವರ್ಕ್ ದಾಟಿಸಲು ಹೋದರೆ ತಲೆನೋವು. ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು ನಂಬರ್) 135ರಲ್ಲಿ ಮಾತು ಶುರುವಾಗಿ ಆಮೇಲೆ ಯಾವುದೋ ಪೋರ್ಟ್‌ಗೆ ಹಾರುತ್ತದೆ, ಫೈರ್‌ವಾಲ್ ಬಿಡುವುದಿಲ್ಲ. ಎರಡೂ ಕಂಪ್ಯೂಟರ್‌ನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಹೊಂದಬೇಕು. ಸಾಲದ್ದಕ್ಕೆ, ಡಿಕಾಂನಲ್ಲಿ ಒಂದು ಭದ್ರತಾ ಲೋಪ ಸಿಕ್ಕಿದ ಮೇಲೆ ಮೈಕ್ರೋಸಾಫ್ಟ್ 2021ರಿಂದ ಹಂತಹಂತವಾಗಿ ಬಿಗಿ ಮಾಡುತ್ತಾ ಬಂತು. 2023ರ ಮಾರ್ಚ್ ಅಪ್‌ಡೇಟ್ ಬಂದ ಮೇಲೆ ಆ ಬಿಗಿಯನ್ನು ಆಫ್ ಮಾಡುವ ದಾರಿಯೂ ಇಲ್ಲ. ವರ್ಷಗಟ್ಟಲೆ ಓಡುತ್ತಿದ್ದ ಸ್ಕ್ರೀನ್ ಒಂದು ವಿಂಡೋಸ್ ಅಪ್‌ಡೇಟ್ ಆದ ಮರುದಿನ ಖಾಲಿಯಾದರೆ ಮೊದಲು ಇಲ್ಲಿ ಹುಡುಕಿ. ಹೊಸದಾಗಿ ಹಾಕುವವರಿಗೆ ಯಾರಾದರೂ ಡಿಕಾಂ ಮೇಲೆ ಒಪಿಸಿ ಕೊಡುತ್ತೇವೆ ಅಂದರೆ ನಯವಾಗಿ ಬೇಡ ಅನ್ನಿ.

ಹೊಸದು ಒಪಿಸಿ ಯುಎ. ಸಾಮಾನ್ಯವಾಗಿ ಒಂದೇ ಪೋರ್ಟ್, 4840. ವಿಂಡೋಸ್ ಇರಲೇಬೇಕು ಅಂತಿಲ್ಲ. ಪಾಸ್‌ವರ್ಡ್ ಜೊತೆಗೆ ಸರ್ಟಿಫಿಕೇಟ್ ಇದೆ: ಸರ್ವರ್ ಮತ್ತು ಸ್ಕ್ರೀನ್ ಒಬ್ಬರನ್ನೊಬ್ಬರು ನಂಬುತ್ತೇವೆ ಅಂತ ಒಮ್ಮೆ ಒಪ್ಪಿಸಬೇಕು. ಸರ್ಟಿಫಿಕೇಟ್‌ಗೆ ಶುರುವಾಗುವ ತಾರೀಖು, ಮುಗಿಯುವ ತಾರೀಖು ಎರಡೂ ಇರುತ್ತವೆ. ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಂಥ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದಾಗ ಗಡಿಯಾರ ಹಳೆಯ ವರ್ಷಕ್ಕೆ ಹೋದರೆ, ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಅಂತ ಸಂಪರ್ಕ ನಿರಾಕರಣೆ. ಕೇಬಲ್ ಸರಿ, ಪಿಂಗ್ ಸರಿ, ಡೇಟಾ ಇಲ್ಲ. ಸಣ್ಣ ಬ್ಯಾಟರಿ ತಾನೇ ಅಂತ ಯಾರೂ ನೋಡುವುದಿಲ್ಲ. ಸರ್ಟಿಫಿಕೇಟ್ ಮುಗಿಯುವ ತಾರೀಖನ್ನು ಪ್ಯಾನೆಲ್ ಬಾಗಿಲಿನ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ.

ಒಂದು ಮಾತು: ಸೀಮೆನ್ಸ್ ಎಸ್7-1500ರಂಥ ಪಿಎಲ್‌ಸಿಗಳ ಒಳಗೇ ಯುಎ ಸರ್ವರ್ ಇದೆ. ಎಲ್ಲ ಪಿಎಲ್‌ಸಿಗಳೂ ಅಂಥವೇ ಆದರೆ, ಸ್ಕ್ರೀನ್ ಕಡಿಮೆ ಇದ್ದರೆ, ನಡುವಿನ ಕಂಪ್ಯೂಟರೇ ಬೇಡ.

ಲೈಸೆನ್ಸ್ ವಿಷಯದಲ್ಲಿ ಕಣ್ಣು ತೆರೆದಿರಬೇಕು. ಕೆಪ್‌ಸರ್ವರ್ ಲೈಸೆನ್ಸ್ ಇಲ್ಲದೆ ಎರಡು ಗಂಟೆ ಡೆಮೊದಲ್ಲಿ ಓಡುತ್ತದೆ. ಕಮಿಷನಿಂಗ್ ದಿನ ಎಲ್ಲ ಚೆನ್ನಾಗಿ ಕಂಡು, ಎಂಜಿನಿಯರ್ ಬಸ್ ಹತ್ತಿದ ಮೇಲೆ ನಿಂತುಬಿಡಬಹುದು. ರಾಕ್‌ವೆಲ್‌ನ ಆರ್‌ಎಸ್‌ಲಿಂಕ್ಸ್ ಕ್ಲಾಸಿಕ್‌ನಲ್ಲಿ ಉಚಿತವಾದ ಲೈಟ್ ಆವೃತ್ತಿಗೆ ಒಪಿಸಿ ಇಲ್ಲವೇ ಇಲ್ಲ, ಬೇರೆ ಕಂಪ್ಯೂಟರ್‌ಗೆ ಕೊಡಬೇಕಾದರೆ ಗೇಟ್‌ವೇ ಆವೃತ್ತಿ ಬೇಕು. ಅದೇ ಕಂಪನಿಯ ಫ್ಯಾಕ್ಟರಿಟಾಕ್ ವ್ಯೂನಲ್ಲೂ ಎಂಇ ಅಂದರೆ ಮೆಷಿನ್ ಪಕ್ಕದ ಒಂಟಿ ಪ್ಯಾನೆಲ್‌ಗೆ, ಎಸ್‌ಇ ಅಂದರೆ ಸರ್ವರ್-ಕ್ಲೈಂಟ್ ಜಾಲಕ್ಕೆ. ಒಂದಕ್ಕೆ ಮಾಡಿದ್ದು ಇನ್ನೊಂದರಲ್ಲಿ ಹಾಗೇ ಓಡುವುದಿಲ್ಲ. ಕೊಟೇಷನ್‌ನಲ್ಲಿ ಆವೃತ್ತಿಯ ಪೂರ್ತಿ ಹೆಸರು ಬರೆಸಿಕೊಳ್ಳಿ.

ಇನ್ನು ಆ ಕಂಪ್ಯೂಟರ್. ಅದು ಯಾರ ಮೇಜಿನ ಮೇಲೂ ಇರಬಾರದು. ಮೇಜಿನ ಮೇಲಿದ್ದರೆ ತಿಂಗಳೊಳಗೆ ಅದರಲ್ಲಿ ಟ್ಯಾಲಿ ಬರುತ್ತದೆ, ಆಮೇಲೆ ಪೆನ್‌ಡ್ರೈವ್‌ನಲ್ಲಿ ಹಾಡು ಬರುತ್ತದೆ. ಫ್ಯಾನ್ ಇಲ್ಲದ ಇಂಡಸ್ಟ್ರಿಯಲ್ ಪಿಸಿ ತೆಗೆದುಕೊಂಡು ಪ್ಯಾನೆಲ್ ಒಳಗೆ ಬೀಗ ಹಾಕಿಡಿ. ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವಂತೆ ಬಯೋಸ್‌ನಲ್ಲಿ ಹೊಂದಿಸಿ. ಡೇಟಾ ಸರ್ವರ್ ವಿಂಡೋಸ್ ಸರ್ವಿಸ್ ಆಗಿ ಓಡಬೇಕು. ಯಾರಾದರೂ ಲಾಗಿನ್ ಆದಮೇಲೆ ಶುರುವಾಗುವಂಥದ್ದಾದರೆ, ರಾತ್ರಿ ಕರೆಂಟ್ ಹೋಗಿ ಬಂದಾಗ ಪಾಸ್‌ವರ್ಡ್ ಗೊತ್ತಿದ್ದವರು ಮನೆಯಲ್ಲಿ ಮಲಗಿರುತ್ತಾರೆ.

ಈ ಬಗೆಗೆ ಇನ್ನೂ ಒಂದು ಲಾಭ ಇದೆ, ನನಗೆ ಅದೇ ದೊಡ್ಡದು. ಈಥರ್‌ನೆಟ್ ಮೇಲೆ ಓಡುವ ಮಾಡ್‌ಬಸ್ ಟಿಸಿಪಿಗೆ ಪಾಸ್‌ವರ್ಡ್ ಅಂತ ಏನೂ ಇಲ್ಲ. ಆಫೀಸ್ ನೆಟ್‌ವರ್ಕ್‌ನಿಂದ ಪೋರ್ಟ್ 502 ತಲುಪಲು ಸಾಧ್ಯವಾದರೆ ಯಾರು ಬೇಕಾದರೂ ಬರೆಯಬಹುದು. ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಒಂದನ್ನು ಪಿಎಲ್‌ಸಿ ಕಡೆಗೆ, ಇನ್ನೊಂದನ್ನು ಆಫೀಸ್ ಕಡೆಗೆ ಇಟ್ಟರೆ, ಮಾಲೀಕರ ಸ್ಕ್ರೀನ್‌ಗೆ ಓದಲು ಮಾತ್ರ ಅವಕಾಶ ಕೊಡಬಹುದು. ಎರಡು ಕಾರ್ಡ್‌ಗಳನ್ನು ಬ್ರಿಡ್ಜ್ ಮಾಡಿ ಒಂದೇ ನೆಟ್‌ವರ್ಕ್ ಆಗಿಸಿಬಿಟ್ಟರೆ ಮಾತ್ರ ಎಲ್ಲ ವ್ಯರ್ಥ.

ಎಲ್ಲ ಸರ್ವರ್‌ನಲ್ಲೇ, ಸ್ಕ್ರೀನ್ ಬರೀ ಕನ್ನಡಿ

ಸ್ಕಾಡಾ (ಇಡೀ ಪ್ಲಾಂಟನ್ನು ನೋಡಿ ನಡೆಸುವ ಸಾಫ್ಟ್‌ವೇರ್) ಪೂರ್ತಿ ಸರ್ವರ್‌ನಲ್ಲಿ, ಸ್ಕ್ರೀನ್‌ಗಳು ಬ್ರೌಸರ್ ಅಥವಾ ರಿಮೋಟ್ ಡೆಸ್ಕ್‌ಟಾಪ್. ಸ್ಕ್ರೀನ್ ಕೆಟ್ಟರೆ ಇನ್ನೊಂದು ತಂದು ಚುಚ್ಚಿದರೆ ಆಯಿತು, ಬದಲಾವಣೆಯೂ ಒಂದೇ ಕಡೆ. ಇಗ್ನಿಷನ್ ಅನ್ನುವ ಸ್ಕಾಡಾದಂಥವುಗಳಲ್ಲಿ ಲೈಸೆನ್ಸ್ ಸರ್ವರ್‌ಗೆ, ಕ್ಲೈಂಟ್ ಎಣಿಸುವುದಿಲ್ಲ. ಹತ್ತು ಸ್ಕ್ರೀನ್ ದಾಟಿದರೆ ಇದು ಅಗ್ಗ ಬೀಳಬಹುದು. ರಿಮೋಟ್ ಡೆಸ್ಕ್‌ಟಾಪ್ ದಾರಿ ಹಿಡಿದರೆ ಸಾಮಾನ್ಯ ವಿಂಡೋಸ್ ಪ್ರೊನಲ್ಲಿ ಒಂದು ಹೊತ್ತಿಗೆ ಒಬ್ಬರೇ. ವಿಂಡೋಸ್ ಸರ್ವರ್ ಮತ್ತು ತಲೆಗೊಂದು ಅಥವಾ ಸ್ಕ್ರೀನಿಗೊಂದು ಲೈಸೆನ್ಸ್ ಬೇಕು. ಸರ್ವರ್ ಸತ್ತರೆ ಏನೂ ಉಳಿಯುವುದಿಲ್ಲ, ಇದು ನೆನಪಿರಲಿ.

ಹಾಗಾದರೆ ಎರಡು ಸರ್ವರ್ ಇಡೋಣ ಅನ್ನುತ್ತಾರೆ. ಇಡಬಹುದು, ಖರ್ಚೂ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಎರಡೂ ಒಂದೇ ಯುಪಿಎಸ್, ಒಂದೇ ಸ್ವಿಚ್ ಮೇಲಿದ್ದರೆ ಕೊಟ್ಟ ದುಡ್ಡು ದಂಡ. ಶರಾವತಿಯಂಥ ದೊಡ್ಡ ವಿದ್ಯುದಾಗಾರದ ಲೆಕ್ಕ ಬೇರೆ. ಶೆಡ್ ಮಟ್ಟದಲ್ಲಿ ಎರಡನೇ ಸರ್ವರ್‌ಗಿಂತ, ಸೆಟ್ಟಿಂಗ್ ಪೂರ್ತಿ ತುಂಬಿ ಸಿದ್ಧವಾಗಿರುವ ಒಂದು ಸ್ಪೇರ್ ಡಿಸ್ಕ್ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಮೊಬೈಲ್‌ಗೆ, ಹೆಡ್ ಆಫೀಸ್‌ಗೆ ಡೇಟಾ ಕಳಿಸಲು ಎಂಕ್ಯುಟಿಟಿ (ಸಣ್ಣ ಸಂದೇಶಗಳಾಗಿ ಡೇಟಾ ಕಳಿಸುವ ವಿಧಾನ) ಚೆನ್ನಾಗಿದೆ. ಆಪರೇಟರ್ ಬಟನ್ ಒತ್ತುವ ಸ್ಕ್ರೀನ್‌ಗೆ ಅದು ಬೇಡ.

ನಂಬರ್ ನಿಜವಾ, ಹೆಪ್ಪುಗಟ್ಟಿದ್ದಾ?

ಹಂಚಿಕೆಯ ಸರ್ವರ್‌ನಲ್ಲಿ ಸ್ಕ್ರೀನ್ ಖಾಲಿಯಾಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಹಳೆಯ ನಂಬರ್ ಹಾಗೇ ಕೂತಿರುವುದು. ಫರ್ನೇಸ್ 1420 ಡಿಗ್ರಿ ಅಂತ ತೋರಿಸುತ್ತಿದೆ. ಆಪರೇಟರ್ ನೋಡುತ್ತಾನೆ, ಸರಿ ಇದೆ ಅನ್ನುತ್ತಾನೆ. ಆದರೆ ಸರ್ವರ್‌ಗೂ ಪಿಎಲ್‌ಸಿಗೂ ನಡುವಿನ ಕೇಬಲ್ ಹತ್ತು ನಿಮಿಷದ ಹಿಂದೆಯೇ ಕಿತ್ತಿದೆ. ಸರ್ವರ್ ಜೀವಂತ, ಸ್ಕ್ರೀನ್ ಜೀವಂತ, ನಂಬರ್ ಮಾತ್ರ ಸತ್ತಿದೆ. ನೇರ ಸಂಪರ್ಕದಲ್ಲಿ ಪ್ಯಾನೆಲ್ ಸಾಮಾನ್ಯವಾಗಿ ತಾನೇ ಎರರ್ ತೋರಿಸುತ್ತದೆ. ಇಲ್ಲಿ ನಾವು ಕೇಳಿ ಮಾಡಿಸಬೇಕು.

ಒಪಿಸಿಯಲ್ಲಿ ಪ್ರತಿ ನಂಬರ್ ಜೊತೆ ಅದರ ಗುಣಮಟ್ಟದ ಗುರುತೂ ಬರುತ್ತದೆ. ಕ್ಲಾಸಿಕ್‌ನಲ್ಲಿ 192 ಅಂದರೆ ಒಳ್ಳೆಯದು, 0 ಅಂದರೆ ಕೆಟ್ಟದ್ದು. ಕೆಟ್ಟದ್ದು ಬಂದಾಗ ನಂಬರನ್ನು ಅಳಿಸಿ ಅಡ್ಡಗೆರೆ ತೋರಿಸಲು ಹೇಳಿ. ಅದರ ಮೇಲೆ ಒಂದು ಹಾರ್ಟ್‌ಬೀಟ್. ಪಿಎಲ್‌ಸಿಯಲ್ಲಿ ಸೆಕೆಂಡಿಗೊಮ್ಮೆ ಏರುವ ಒಂದು ಕೌಂಟರ್, ಅದು ಐದು ಸೆಕೆಂಡ್ ಬದಲಾಗದಿದ್ದರೆ ಸ್ಕ್ರೀನ್‌ನ ಮೇಲ್ಪಟ್ಟಿ ಕೆಂಪು. ಕೌಂಟರ್ ಪಿಎಲ್‌ಸಿಯಲ್ಲೇ ಹುಟ್ಟಬೇಕು. ಸರ್ವರ್‌ನ ಗಡಿಯಾರ ತೋರಿಸಿದರೆ ಅದು ಸರ್ವರ್ ಬದುಕಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ.

ಬಟನ್‌ಗಳ ವಿಷಯ ಇನ್ನೂ ಸೂಕ್ಷ್ಮ. ಒತ್ತಿದಾಗ 1, ಬಿಟ್ಟಾಗ 0 ಬರೆಯುವ ಬಟನ್ ಇರುತ್ತದಲ್ಲ, ಕನ್ವೇಯರನ್ನು ಸ್ವಲ್ಪಸ್ವಲ್ಪ ಓಡಿಸಲು. ಒತ್ತಿದ 1 ತಲುಪಿ, ಬಿಡುವ ಹೊತ್ತಿಗೆ ಸರ್ವರ್ ನಿಂತರೆ 0 ತಲುಪುವುದೇ ಇಲ್ಲ. ಕನ್ವೇಯರ್ ಓಡುತ್ತಲೇ ಇರುತ್ತದೆ. ಇಂಥ ಬಟನ್ ಹಂಚಿಕೆಯ ಸರ್ವರ್ ಮೂಲಕ ಬೇಡವೇ ಬೇಡ, ಮೆಷಿನ್ ಪಕ್ಕದಲ್ಲಿ ತಂತಿಯ ಪುಶ್‌ಬಟನ್ ಇರಲಿ. ಸ್ಟಾರ್ಟ್-ಸ್ಟಾಪ್ ಬಿಟ್‌ಗಳಿಗೆ ಸ್ಕ್ರೀನ್ ಬರೀ 1 ಬರೆಯಲಿ, ಪಿಎಲ್‌ಸಿ ಓದಿಕೊಂಡು ತಾನೇ 0 ಮಾಡಲಿ. ಎಮರ್ಜೆನ್ಸಿ ಸ್ಟಾಪ್ ಯಾವತ್ತೂ ಸ್ಕ್ರೀನ್‌ನಲ್ಲಲ್ಲ. ಎರಡು ಕಡೆಯಿಂದ ಒಂದೇ ಸೆಟ್‌ಪಾಯಿಂಟ್ (ಮೆಷಿನ್‌ಗೆ ಕೊಡುವ ಗುರಿ ನಂಬರ್) ಬದಲಿಸಿದರೆ ಕೊನೆಗೆ ಬರೆದವರದ್ದೇ ಉಳಿಯುತ್ತದೆ, ಹಾಗಾಗಿ ಒಂದು ಮೆಷಿನ್‌ಗೆ ಬರೆಯುವ ಹಕ್ಕು ಒಂದೇ ಸ್ಕ್ರೀನ್‌ಗೆ ಇರಲಿ.

ನಮ್ಮ ಕಡೆಯ ಮಳೆ, ಸಿಡಿಲು, ಕರೆಂಟ್

ಏಪ್ರಿಲ್-ಮೇ ಸಿಡಿಲಿಗೆ ಎರಡು ಕಟ್ಟಡದ ನಡುವೆ ಎಳೆದ ತಾಮ್ರದ ಈಥರ್‌ನೆಟ್ ಕೇಬಲ್ ಬಲು ಇಷ್ಟ. ಒಂದು ಸರ್ವರ್‌ಗೆ ಎಲ್ಲ ಶೆಡ್‌ಗಳನ್ನೂ ಕಟ್ಟಿದಾಗ ಒಂದು ಕಡೆ ಬಂದ ಸರ್ಜ್ ಎಲ್ಲ ಕಡೆ ಹೋಗುತ್ತದೆ. ಕಟ್ಟಡ ದಾಟುವ ಕಡೆ ಫೈಬರ್ ಹಾಕಿ. ತಾಮ್ರಕ್ಕೆ 100 ಮೀಟರ್ ಮಿತಿಯೂ ಇದೆ, ಫೈಬರ್‌ಗೆ ಆ ತಾಪತ್ರಯ ಇಲ್ಲ, ಫರ್ನೇಸ್‌ನ ವಿದ್ಯುತ್ ಗದ್ದಲವೂ ತಾಗುವುದಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಆಚೆಗಿನ ಪಂಪ್‌ಹೌಸ್‌ಗೆ ವೈಫೈ ಹಾಕುವುದಾದರೆ ಮಳೆಗಾಲದಲ್ಲಿ ಪರೀಕ್ಷೆ ಮಾಡಿ. ಬೇಸಿಗೆಯಲ್ಲಿ ಸಿಕ್ಕ ಸಿಗ್ನಲ್ ಒದ್ದೆ ಎಲೆಗಳ ನಡುವೆ ಸಿಗುವುದಿಲ್ಲ.

ಸರ್ವರ್‌ಗೆ ಯುಪಿಎಸ್ ಎಲ್ಲರೂ ಹಾಕುತ್ತಾರೆ. ನೆಟ್‌ವರ್ಕ್ ಸ್ವಿಚ್‌ಗೆ, ಫೈಬರ್ ಕನ್ವರ್ಟರ್‌ಗೆ ಹಾಕುವುದನ್ನು ಮರೆಯುತ್ತಾರೆ. ಮೆಸ್ಕಾಂ ಲೈನ್ ಹೋದಾಗ ಸರ್ವರ್ ಓಡುತ್ತಾ ಇರುತ್ತದೆ, ಆದರೆ ಮಾತಾಡಲು ಯಾರೂ ಇಲ್ಲ.

ನನ್ನ ಆಯ್ಕೆ

ರೈಸ್ ಮಿಲ್, ಸಣ್ಣ ಅಡಿಕೆ ಸಂಸ್ಕರಣಾ ಘಟಕ, ಒಂದೆರಡು ಪಿಎಲ್‌ಸಿ: ನೇರ ಸಂಪರ್ಕ, ಸರ್ವರ್ ಬೇಡ. ಮೇಲೆ ಹೇಳಿದ ಫೌಂಡ್ರಿಗೆ ಮಿಶ್ರ ವ್ಯವಸ್ಥೆ. ಮೆಷಿನ್ ಪಕ್ಕದ ಮೂರು ಪ್ಯಾನೆಲ್ ತಮ್ಮ ತಮ್ಮ ಪಿಎಲ್‌ಸಿಗೆ ನೇರವಾಗಿಯೇ ಇರಲಿ. ಕ್ಯಾಬಿನ್, ಲ್ಯಾಬ್, ಆಫೀಸಿನ ಮೂರು ಸ್ಕ್ರೀನ್ ಮಾತ್ರ ಯುಎ ಸರ್ವರ್ ಮೂಲಕ, ಅದೂ ಆದಷ್ಟು ಓದಲು ಮಾತ್ರ. ಸರ್ವರ್ ಸತ್ತರೆ ಫೋನ್ ಬರುತ್ತದೆ, ಉತ್ಪಾದನೆ ನಿಲ್ಲುವುದಿಲ್ಲ. ಬೆಂಗಳೂರಿನವರು ಬೆಳಗಿನ ರೈಲಿಗೆ ಬಂದರೂ ಸಾಕು. ಹತ್ತಕ್ಕಿಂತ ಜಾಸ್ತಿ ಸ್ಕ್ರೀನ್ ಇದ್ದು, ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬರು ಕಾಯಂ ಇದ್ದರೆ ಆಗ ಪೂರ್ತಿ ಸ್ಕಾಡಾ ಸರ್ವರ್ ಯೋಚಿಸಿ, ಆಗಲೂ ಮೆಷಿನ್‌ಗೊಂದು ನೇರ ಪ್ಯಾನೆಲ್ ಬಿಟ್ಟುಕೊಂಡೇ.

ಬೇರೆಬೇರೆ ಕಡೆಯಿಂದ ಬಂದ ಮೆಷಿನ್‌ಗಳನ್ನು ಒಂದೇ ಸರ್ವರ್‌ಗೆ ಕಟ್ಟುವ ಮುಂಚೆ ಐಪಿ ಅಡ್ರೆಸ್ ಪಟ್ಟಿ ಮಾಡಿ. ಎರಡು ಮೆಷಿನ್‌ನ ಪಿಎಲ್‌ಸಿಗೂ 192.168.0.1 ಇರುವುದು ತೀರಾ ಸಾಮಾನ್ಯ. ಅಡ್ರೆಸ್ ಬದಲಿಸಲು ಮೆಷಿನ್ ಕೊಟ್ಟವರು ಒಪ್ಪದಿದ್ದರೆ ನ್ಯಾಟ್ ರೂಟರ್ (ದಾರಿಯಲ್ಲೇ ಅಡ್ರೆಸ್ ಬದಲಿಸಿ ಕಳಿಸುವ ರೂಟರ್) ಬೇಕಾಗುತ್ತದೆ, ಅದನ್ನೂ ಈಗಲೇ ಕೊಟೇಷನ್‌ಗೆ ಸೇರಿಸಿ.

ಕೊನೆಯ ಬಿಲ್ ಕೊಡುವ ಮುಂಚೆ ಸರ್ವರ್ ಹಾಕಿಕೊಟ್ಟವರ ಎದುರಿಗೇ ಮೂರು ಕೆಲಸ ಮಾಡಿ. ಸರ್ವರ್‌ನಿಂದ ಪಿಎಲ್‌ಸಿಗೆ ಹೋಗುವ ಕೇಬಲ್ ಕೀಳಿ, ಪ್ರತಿ ಸ್ಕ್ರೀನ್ ಎಷ್ಟು ಸೆಕೆಂಡಿಗೆ ಕೆಂಪಾಗುತ್ತದೆ ನೋಡಿ. ಸರ್ವರ್‌ನ ಪ್ಲಗ್ ಕಿತ್ತು ಮತ್ತೆ ಹಾಕಿ, ಯಾರೂ ಕೀಬೋರ್ಡ್ ಮುಟ್ಟದೆ ಡೇಟಾ ವಾಪಸ್ ಬರುತ್ತದಾ ನೋಡಿ. ಆಮೇಲೆ ಮೂರು ಗಂಟೆ ಹಾಗೇ ಓಡಲು ಬಿಡಿ, ಡೆಮೊ ಲೈಸೆನ್ಸ್ ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ.